ಅವಳ ಮೈ, ಇವಳ ಜೀವ: ಬಿಡುಗಡೆಗೆ ಮುಂಚೆ ಒಂದು ಪತ್ರ

ಪ್ರೀತಿಯ ತಂಗಿ,

ಬ್ಯಾಂಕಿನ ಹುಡುಗಿ, ಟೈಲರ್ ಹೆಂಗಸು ಇಬ್ಬರ ಮೈ ಅದಲುಬದಲಾಗುವ ನಿನ್ನ ಕತೆಯ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಮೊದಲ ಸಲ ಒಂದೇ ರಾತ್ರಿಯಲ್ಲಿ. ಎರಡನೇ ಸಲ ಪೆನ್ಸಿಲ್ ಹಿಡಿದು, ನಿಧಾನವಾಗಿ. "ಅಕ್ಕ, ಇದನ್ನು ನನ್ನ ಹೆಸರಲ್ಲೇ ಹೊರಗೆ ತರಬಹುದಾ?" ಅಂತ ಕೇಳಿದ್ದೀಯ. ತರಬಹುದು. ಆದರೆ ಏಳನೇ ಅಧ್ಯಾಯ ಈಗಿರುವ ಹಾಗೆ ಬೇಡ. ಅದು ಯಾಕೆ ಅಂತ ಹೇಳುವುದಕ್ಕೇ ಈ ಪತ್ರ.

ಮೊದಲು ನನಗೆ ತುಂಬ ಹಿಡಿಸಿದ್ದನ್ನು ಹೇಳುತ್ತೇನೆ. ಬ್ಯಾಂಕಿನ ಹುಡುಗಿ ಟೈಲರ್ ಹೆಂಗಸಿನ ಮೈಯಲ್ಲಿ ಕಣ್ಣು ಬಿಡುತ್ತಾಳಲ್ಲ, ಆಗ ಅವಳು ಕನ್ನಡಿ ಹುಡುಕುವುದಿಲ್ಲ. ಕತ್ತಲಲ್ಲೇ ಕುತ್ತಿಗೆ ಮುಟ್ಟಿಕೊಳ್ಳುತ್ತಾಳೆ. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳ ತುದಿ ಅವಳಿಗೆ ಹೊಸದು. ಮುಟ್ಟುವವಳೂ ಅವಳೇ, ಮುಟ್ಟಿಸಿಕೊಳ್ಳುವವಳೂ ಅವಳೇ. ಬೆರಳೂ ಕುತ್ತಿಗೆಯೂ ಮಾತ್ರ ಇನ್ನೊಬ್ಬಳದು. ಆ ಅರ್ಧ ಪುಟ ಓದುವಾಗ ಮೈ ಜುಮ್ಮೆಂದಿತು. ಕಿಬ್ಬೊಟ್ಟೆಯ ಮೇಲಿನ ಸಿಸೇರಿಯನ್ ಗೆರೆ ಕೈಗೆ ಸಿಗುವ ಜಾಗವೂ ಹಾಗೇ ಇದೆ. ಹೆರದೇ ಇರುವವಳಿಗೆ ಹೆತ್ತ ಮೈ ಸಿಕ್ಕಿದೆ. ಇನ್ನೊಬ್ಬಳ ಬದುಕನ್ನು ಚರ್ಮದಿಂದಲೇ ತಿಳಿದುಕೊಳ್ಳುವ ಆಸೆ ಅಲ್ಲಿದೆ. ಅದರಲ್ಲಿ ಒಂದು ಸಾಲೂ ತೆಗೆಯಬೇಡ.

ಜೇಡರ ದಾಸಿಮಯ್ಯ ನೆನಪಾದ. ಮೊಲೆ ಮುಡಿ ಬಂದರೆ ಹೆಣ್ಣು ಅನ್ನುತ್ತಾರೆ, ಗಡ್ಡ ಮೀಸೆ ಬಂದರೆ ಗಂಡು ಅನ್ನುತ್ತಾರೆ, ನಡುವೆ ಸುಳಿಯುವ ಆತ್ಮ ಎರಡೂ ಅಲ್ಲ ಅಂದವನು ಅವನು. ಮೈ ಬದಲಾದರೆ ಆಸೆ ಯಾರದ್ದು ಅಂತ ನೀನು ಕೇಳುತ್ತಿದ್ದೀಯ. ಇದೂ ಅದರ ಪಕ್ಕದ್ದೇ ಪ್ರಶ್ನೆ. ಆದರೆ ಅವನು ಮೊಲೆ ಅನ್ನುವುದಕ್ಕೆ ಹಿಂಜರಿಯಲಿಲ್ಲ. ನೀನು ಉರೋಜ, ನಿತಂಬ ಅಂತ ಬರೆದಿದ್ದೀಯ.

ಇದು ನಿನ್ನೊಬ್ಬಳ ಕಷ್ಟ ಅಲ್ಲ. ಕನ್ನಡದಲ್ಲಿ ಮೈಯ ಮಾತುಗಳು ಒಂದೋ ಹಳೇ ಕಾವ್ಯದಿಂದ ಬರುತ್ತವೆ, ಇಲ್ಲ ಬೈಗುಳದಿಂದ, ಇಲ್ಲ ಆಸ್ಪತ್ರೆಯಿಂದ. ನಡುವಿನ ಮಾತುಗಳು ಮನೆಯೊಳಗೇ ಇವೆ. ಮೊಲೆ, ತೊಡೆ, ಸೊಂಟ, ಕಂಕುಳು, ಹೊಕ್ಕುಳು. ಇವುಗಳಲ್ಲಿ ಏನು ಕೊರತೆ ಇದೆ? ಹೆಸರು ಹೇಳಲಾಗದ ಕಡೆ ನಮ್ಮ ಹೆಂಗಸರು ಸುಮ್ನೆ 'ಅಲ್ಲಿ' ಅನ್ನುತ್ತಾರೆ. ಟೈಲರ್ ಹೆಂಗಸು ಹಾಗೇ ಹೇಳಲಿ. ಬ್ಯಾಂಕಿನವಳು ತಾನು ಓದಿ ಕಲಿತ ಪದ ಬಳಸಲಿ. ಮೈ ಅದಲುಬದಲಾದ ಮೇಲೂ ಇಬ್ಬರೂ ತಮ್ಮ ತಮ್ಮ ಮಾತನ್ನೇ ಆಡಿದರೆ, ಯಾವ ಮೈಯೊಳಗೆ ಯಾರಿದ್ದಾರೆ ಅನ್ನುವುದು ಓದುವವರಿಗೆ ತಾನಾಗಿ ತಿಳಿಯುತ್ತದೆ. ಈಗ ನೀನು ಪ್ರತಿ ಪುಟದಲ್ಲೂ ಅದನ್ನು ವಿವರಿಸುತ್ತಾ ಕೂತಿದ್ದೀಯ.

ಹಿಂದೆ ನನ್ನ ಒಂದು ಕತೆಯನ್ನು ವಾರಪತ್ರಿಕೆಯವರು ತೆಗೆದುಕೊಂಡರು. ಅಚ್ಚಾಗಿ ಬಂದಾಗ ನೋಡಿದರೆ ಮೊಲೆ ಅಂತ ಇದ್ದಲ್ಲೆಲ್ಲ ಎದೆ ಆಗಿತ್ತು. ಬಾಣಂತಿ ಮಗುವಿಗೆ ಹಾಲು ಕುಡಿಸುವ ಕಡೆಯೂ ಬಿಟ್ಟಿರಲಿಲ್ಲ. ನನ್ನನ್ನು ಕೇಳಿರಲೇ ಇಲ್ಲ. ನಾನು ಏನೂ ಹೇಳದೆ ಸುಮ್ಮನಾದೆ. ಆ ಸುಮ್ಮನಿದ್ದದ್ದು ಇವತ್ತಿಗೂ ನೋಯುತ್ತದೆ. ಕೊನೆಯ ಕರಡನ್ನು ನೀನೇ ನೋಡಿ ಸಹಿ ಹಾಕದೆ ಅಚ್ಚಿಗೆ ಹೋಗಬಾರದು ಅಂತ ಪ್ರಕಾಶಕರಿಗೆ ಮೊದಲೇ ಹೇಳಿಬಿಡು.

ಈಗ ಏಳನೇ ಅಧ್ಯಾಯ. ಬ್ಯಾಂಕಿನವಳು ಟೈಲರ್ ಹೆಂಗಸಿನ ಮೈಯಲ್ಲಿದ್ದಾಳೆ. ಗಂಡ ಕೆಲಸದಿಂದ ಬರುತ್ತಾನೆ, ಇವಳು ನನ್ನ ಹೆಂಡತಿ ಅಂದುಕೊಳ್ಳುತ್ತಾನೆ. ಇಬ್ಬರೂ ಕೂಡುತ್ತಾರೆ. ದೃಶ್ಯ ಬಿಸಿಯಾಗಿದೆ, ಚೆನ್ನಾಗಿಯೂ ಬರೆದಿದ್ದೀಯ. ಆದರೆ ಅವನು ಯಾರನ್ನು ಒಪ್ಪಿಕೊಂಡ? ಎರಡು ಬೀದಿ ಆಚೆ ಬೇರೆ ಮೈಯಲ್ಲಿ ಕೂತಿರುವ ಆ ಹೆಂಗಸು, ನನ್ನ ಮೈಯನ್ನು ಹೀಗೆ ಬಳಸಿಕೋ ಅಂತ ಯಾವಾಗ ಹೇಳಿದಳು? ಆ ಹದಿನಾಲ್ಕು ಪುಟದಲ್ಲಿ ಈ ಪ್ರಶ್ನೆ ಒಮ್ಮೆಯೂ ಬರುವುದಿಲ್ಲ.

ಪರಕಾಯ ಪ್ರವೇಶದ ಕತೆ ನಮಗೆ ಹೊಸದಲ್ಲ. 'ಭಗವದಜ್ಜುಕ' ಅನ್ನುವ ಹಳೆಯ ಸಂಸ್ಕೃತ ಪ್ರಹಸನದಲ್ಲಿ ಸನ್ಯಾಸಿಯ ಜೀವ ಸತ್ತ ಗಣಿಕೆಯ ಮೈ ಸೇರುತ್ತದೆ, ಯಮದೂತ ಅವಳ ಜೀವವನ್ನು ಸನ್ಯಾಸಿಯ ಮೈಗೆ ಹಾಕುತ್ತಾನೆ. ಶಂಕರಾಚಾರ್ಯರ ಕತೆಯಂತೂ ನಿನಗೆ ಗೊತ್ತೇ ಇದೆ. ವಾದದಲ್ಲಿ ಮಂಡನಮಿಶ್ರನ ಹೆಂಡತಿ ಉಭಯಭಾರತಿ ಕಾಮಶಾಸ್ತ್ರದ ಪ್ರಶ್ನೆ ಕೇಳಿದಳು. ಉತ್ತರ ತಿಳಿಯಲು ಅವರು ಸತ್ತ ಅಮರುಕ ರಾಜನ ಮೈ ಹೊಕ್ಕರು. ರಾಜ ಮೊದಲಿನಂತಿಲ್ಲ ಅಂತ ಅರಮನೆಯವರಿಗೆ ಅನುಮಾನ ಬಂತು. ಚಿಕ್ಕಂದಿನಲ್ಲಿ ಇದನ್ನು ಕೇಳಿದಾಗ ನನಗೆ ಆ ರಾಣಿಯರದ್ದೇ ಯೋಚನೆ. ನಮ್ಮ ಗಂಡ ಬದುಕಿಬಂದ ಅಂತ ಖುಷಿಪಟ್ಟ ಅವರನ್ನು ಯಾರೂ ಏನೂ ಕೇಳಲಿಲ್ಲ. ಶತಮಾನಗಳಿಂದ ಹೇಳುತ್ತಾ ಬಂದ ಕತೆಯಲ್ಲಿ ಅವರಿಗೊಂದು ಮಾತಿಲ್ಲ. ಆ ಮಾತನ್ನು ಬರೆಯುವ ಅವಕಾಶ ಈಗ ನಿನ್ನ ಕೈಯಲ್ಲಿದೆ, ನೀನೂ ಅದನ್ನು ದಾಟಿಕೊಂಡು ಹೋಗಿಬಿಟ್ಟಿದ್ದೀಯ.

ನನಗೆ ತೋಚಿದ್ದು ಹೇಳುತ್ತೇನೆ. ಆರನೇ ಅಧ್ಯಾಯದ ಕೊನೆಗೆ ಇಬ್ಬರು ಹೆಂಗಸರನ್ನೂ ಎದುರುಬದುರು ಕೂರಿಸು. ಅಂಗಡಿಯ ಶಟರ್ ಎಳೆದಿರಲಿ. ನನ್ನ ಮೈಯನ್ನು ಎಲ್ಲಿಯವರೆಗೆ ನಿನಗೆ ಬಿಡುತ್ತೇನೆ, ಎಲ್ಲಿ ಬಿಡುವುದಿಲ್ಲ ಅಂತ ಅವರು ಮಾತಾಡಿಕೊಳ್ಳಲಿ. ಅಳತೆ ಟೇಪು ಅಲ್ಲೇ ಇದೆಯಲ್ಲ. ತನ್ನದೇ ಮೈಯನ್ನು ಎದುರಿಗೆ ನಿಲ್ಲಿಸಿಕೊಂಡು ಒಬ್ಬಳು ಹೇಳುತ್ತಾಳೆ: ಇಲ್ಲಿ ಮುಟ್ಟಿದರೆ ನನಗೆ ಹಿತ, ಇಲ್ಲಿ ಮುಟ್ಟಿದರೆ ನೋವು, ಇದನ್ನು ನನ್ನ ಗಂಡನಿಗೂ ಹೇಳಿಲ್ಲ. ಇಡೀ ಪುಸ್ತಕದಲ್ಲಿ ಇದಕ್ಕಿಂತ ಬಿಸಿಯಾದ ಜಾಗ ಇನ್ನೊಂದು ಇರಲಾರದು. ಆಮೇಲೆ ಗಂಡನಿಗೂ ವಿಷಯ ತಿಳಿಯಬೇಕು. ತಿಳಿದು ಅವನು ಒಪ್ಪಲಿ, ಇಲ್ಲ ಹೊಸ್ತಿಲಲ್ಲೇ ನಿಂತುಬಿಡಲಿ. ಮೋಸ ಆಗಿಯೇ ತೀರಬೇಕು ಅಂತ ಕತೆ ಕೇಳಿದರೆ, ಅದು ಮೋಸ ಅಂತ ಪುಸ್ತಕಕ್ಕೆ ಗೊತ್ತಿರಲಿ.

ಇದು ಸರಿಯಾದರೆ ನಿನ್ನ ಹೆಸರಿನ ಪ್ರಶ್ನೆಯೂ ಸರಿಹೋಗುತ್ತದೆ. ಯಾವ ಪುಟ ತೆರೆದು ಕೇಳಿದರೂ ಹೌದು, ನಾನೇ ಬರೆದದ್ದು ಅನ್ನಬಹುದು. ಗಾಯಕಿ ಬೆಂಗಳೂರು ನಾಗರತ್ನಮ್ಮನವರನ್ನು ನೆನೆಸಿಕೋ. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದವರು. ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿ 18ನೇ ಶತಮಾನದಲ್ಲಿ ತೆಲುಗಿನಲ್ಲಿ 'ರಾಧಿಕಾ ಸಾಂತ್ವನಮು' ಬರೆದಳು. ತಾನೇ ಸಾಕಿ ಬೆಳೆಸಿದ ಇಳಾ ಅನ್ನುವ ಹುಡುಗಿಯನ್ನು ರಾಧೆ ಕೃಷ್ಣನಿಗೆ ಕೊಟ್ಟು, ಆಮೇಲೆ ಹೊಟ್ಟೆಕಿಚ್ಚಿನಲ್ಲಿ ಬೇಯುವ ಕಾವ್ಯ ಅದು. ಆಗ ಸಿಗುತ್ತಿದ್ದ ಅಚ್ಚಿನಲ್ಲಿ ಕೆಲವು ಭಾಗ ಬಿಟ್ಟುಹೋಗಿದ್ದವು. ನಾಗರತ್ನಮ್ಮ ಹಸ್ತಪ್ರತಿ ಹುಡುಕಿಸಿ, ಪೂರ್ತಿ ಪಾಠವನ್ನು 1910ರಲ್ಲಿ ತಮ್ಮ ಹೆಸರಿನಲ್ಲೇ ಮದ್ರಾಸಿನಲ್ಲಿ ಅಚ್ಚು ಹಾಕಿಸಿದರು. ಅಶ್ಲೀಲ ಅಂತ ಬ್ರಿಟಿಷ್ ಸರ್ಕಾರ ಅದನ್ನು ನಿಷೇಧಿಸಿತು. ನಿಷೇಧ ತೆಗೆದದ್ದು 1947ರಲ್ಲಿ. ನಾಗರತ್ನಮ್ಮ ತೀರಿಕೊಂಡದ್ದು 1952ರಲ್ಲಿ. ಅಂದರೆ ಅವರು ಅದನ್ನು ಕಣ್ಣಾರೆ ಕಂಡರು. ಇದನ್ನು ಬರೆಯುವಾಗಲೂ ನನಗೆ ಗಂಟಲು ಕಟ್ಟುತ್ತದೆ.

ಕಾವ್ಯನಾಮ ಇಟ್ಟುಕೊಂಡರೂ ತಪ್ಪಿಲ್ಲ. ಮನೆ, ಕೆಲಸ, ಊರು ಎಲ್ಲ ಇದೆ ಅಲ್ವಾ. ಆದರೆ ಪ್ರಕಾಶಕರ ಜೊತೆಗಿನ ಕರಾರಿನಲ್ಲಿ ನಿನ್ನ ನಿಜ ಹೆಸರಿರಲಿ. ಎಷ್ಟು ವರ್ಷಕ್ಕೆ ಹಕ್ಕು ಕೊಡುತ್ತೀಯ ಅನ್ನುವುದನ್ನೂ ಬರೆಸು. ಬರೆಸದಿದ್ದರೆ ಕೃತಿಸ್ವಾಮ್ಯ ಕಾಯ್ದೆ ಅದನ್ನು 5 ವರ್ಷ ಅಂತ ಎಣಿಸುತ್ತದೆ.

ಕಾನೂನನ್ನೂ ತಿಳಿದುಕೋ. 2024ರ ಜುಲೈ 1ರಿಂದ ಅಶ್ಲೀಲ ಪುಸ್ತಕಗಳ ಬಗ್ಗೆ ಇದ್ದ ಹಳೆಯ ಭಾರತೀಯ ದಂಡ ಸಂಹಿತೆಯ 292ನೇ ಕಲಮಿನ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 294 ಬಂದಿದೆ. ಸಾಹಿತ್ಯದ ಹಿತಕ್ಕಾಗಿ ಬಂದದ್ದು ಅಂತ ಸಾಬೀತಾದರೆ ಅದರಲ್ಲಿ ವಿನಾಯಿತಿ ಇದೆ. ಇ-ಪುಸ್ತಕಕ್ಕೆ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 67ನೇ ಕಲಮೂ ಬರುತ್ತದೆ. ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಹೆದರಿಸಲು ಹೇಳುತ್ತಿಲ್ಲ. ಅಚ್ಚಿಗೆ ಮುಂಚೆ ಒಬ್ಬ ವಕೀಲರಿಗೆ ಓದಲು ಕೊಡು. 18 ತುಂಬಿದವರಿಗೆ ಮಾತ್ರ ಅಂತ ಮುಖಪುಟದಲ್ಲೇ ಹಾಕಿಸು. ಮಳೆಯಲ್ಲಿ ನೆನೆದ ಹೆಂಗಸಿನ ಬೆನ್ನನ್ನು ಮಾತ್ರ ಮುಖಪುಟಕ್ಕೆ ಹಾಕಲು ಬಿಡಬೇಡ. ಅಳತೆ ಟೇಪು, ಎರಡು ಬೆರಳುಂಗುರ, ಅಷ್ಟು ಸಾಕು.

ಮುನ್ನುಡಿ ನಾನೇ ಬರೆಯುತ್ತೇನೆ. ಇದು ಕಾಮದ ಪುಸ್ತಕ ಅಲ್ಲ, ಆತ್ಮದ ಪುಸ್ತಕ ಅಂತೆಲ್ಲ ತಿಪ್ಪೆ ಸಾರಿಸುವುದಿಲ್ಲ. ಕಾಮದ ಪುಸ್ತಕ ಅಂತಲೇ ಬರೆಯುತ್ತೇನೆ. ಬಿಡುಗಡೆಗೆ ಕರೆದರೆ ವೇದಿಕೆಯ ಮೇಲೂ ಕೂರುತ್ತೇನೆ, ಬೇಕಾದರೆ ಆ ಕತ್ತಲ ಅರ್ಧ ಪುಟವನ್ನು ಅಲ್ಲೇ ಓದುತ್ತೇನೆ.

ಏಳನೇ ಅಧ್ಯಾಯ ತಿದ್ದಿ ಕಳಿಸು. ಪ್ರಿಂಟ್ ಹಾಕಿಸಿ ಪೋಸ್ಟ್‌ನಲ್ಲೇ ಕಳಿಸು, ಮೊಬೈಲಿನಲ್ಲಿ ಬೇಡ. ಪಕ್ಕದಲ್ಲಿ ಬರೆಯಲು ನನಗೆ ಜಾಗ ಬೇಕು.

ನಿನ್ನ
ಅಕ್ಕ