ಫ್ಯಾನ್ ಫಿಕ್ಷನ್ (ಮೆಚ್ಚಿನ ಸಿನಿಮಾ, ಪುಸ್ತಕಗಳ ಪಾತ್ರಗಳನ್ನಿಟ್ಟು ಅಭಿಮಾನಿಗಳು ಬರೆಯುವ ಕಥೆ) ಬರೆಯುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಭಾನುವಾರ ಬೆಳಿಗ್ಗೆ 8ಕ್ಕೆ ಕುಕ್ಕರಹಳ್ಳಿ ಕೆರೆ ಹತ್ತಿರ ಕಥೆ ಓದಲು ಸೇರುತ್ತಿದ್ದೇವೆ. ಅಷ್ಟರೊಳಗೆ ನಿಮ್ಮ ಕಥೆಯಲ್ಲಿ ಹಾಸಿಗೆ ದೃಶ್ಯ ಬೇಕೋ ಬೇಡವೋ ತೀರ್ಮಾನಿಸಿ. ಅದನ್ನು ತೆಗೆದರೂ ಕಥೆ ಹಾಗೇ ನಡೆಯುತ್ತದೆ ಅಂದರೆ ಸುಮ್ನೆ ಯಾಕೆ? ಜೋಡಿಯ ಸಂಬಂಧ ಅಲ್ಲೇ ಬದಲಾಗುತ್ತದೆ ಅಂದರೆ ಸಂಕೋಚ ಬಿಟ್ಟು ಬರೆಯಿರಿ. ಇಲ್ಲವೇ ದೃಶ್ಯ ತೋರಿಸದೆ, ಬಾಗಿಲು ಮುಚ್ಚಿಸಿ ನೇರ ಮರುದಿನದ ಕಾಫಿಗೆ ಹೋಗಬಹುದು. ನನಗಂತೂ ಅದೇ ಜಾಸ್ತಿ ಇಷ್ಟ.

18 ತುಂಬದ ಪಾತ್ರಗಳಿಗೆ ಇಂಥ ದೃಶ್ಯ ಬೇಡವೇ ಬೇಡ. ಇದರಲ್ಲಿ ಚರ್ಚೆ ಇಲ್ಲ.

ಫ್ಯಾನ್ ಫಿಕ್ಷನ್ ಜಾಲತಾಣ ಆರ್ಕೈವ್ ಆಫ್ ಅವರ್ ಓನ್‌ನಲ್ಲಿರುವಂತೆ ಜನರಲ್, ಟೀನ್, ಮೆಚೂರ್, ಎಕ್ಸ್‌ಪ್ಲಿಸಿಟ್ ಅಂತ ಯಾರು ಓದಬಹುದೆಂಬ ದರ್ಜೆಯನ್ನು ಕಥೆಯ ಮೇಲೇ ಹಾಕಿ. ಕೊನೆಯದಾದರೆ (ಎಲ್ಲ ಬಿಡಿಸಿ ಬರೆದದ್ದು) ಗುಂಪಿಗೆ ಬೇಡ, ಕೇಳಿದವರಿಗೆ ಮಾತ್ರ ಕಳಿಸಿ. ಮನೆಯ ಮಕ್ಕಳ ಕೈಯಲ್ಲೂ ಫೋನ್ ಇರುತ್ತದೆ ಅಲ್ವಾ.

ನಿಮ್ಮ ಕಥೆಯಲ್ಲಿ ಹಾಸಿಗೆ ದೃಶ್ಯ ಇದೆಯೇ ಎಂದು ಶುಕ್ರವಾರ ರಾತ್ರಿಯೊಳಗೆ ‘ಇದೆ’ ಅಥವಾ ‘ಇಲ್ಲ’ ಎಂದು ಇಲ್ಲೇ ತಿಳಿಸಿ.