ಹುಡುಗನ ಪಿಸ್ತೂಲಿನ ವಿಷಯ

ಅಪ್ಪಯ್ಯ, ಅಮ್ಮ, ಇಬ್ಬರಿಗೂ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ. ಅಲ್ಲಿ ಮಳೆ ಬಿಟ್ಟಿತಾ? ತೋಟಕ್ಕೆ ಎರಡನೇ ಸಲದ ಔಷಧಿ ಹೊಡೆಸಿ ಆಯ್ತಾ? ನಿಮ್ಮ ಪತ್ರವನ್ನು ಗಿರೀಶ ಫೋಟೋ ತೆಗೆದು ಕಳಿಸಿದ್ದ. ಫೋನಿನಲ್ಲಿ ನಮ್ಮ ಸುಮಾಗೆ ನೋಡಿರುವ ಹುಡುಗನ ವಿಷಯ ಎತ್ತಿದರೆ ನೀವು ಅಮ್ಮನ ಕೈಗೆ ಫೋನು ಕೊಟ್ಟು ಎದ್ದು ಹೋಗುತ್ತೀರಿ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

‘ಹುಡುಗ ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡೇ ತಿರುಗುತ್ತಾನಂತೆ, ನಾಳೆ ಪೊಲೀಸರು ಹಿಡಿದರೆ ಸುಮಾ ಗತಿ ಏನು’ ಅಂತ ಬರೆದಿದ್ದೀರಿ. ಇದನ್ನು ನಿಮ್ಮ ಕಿವಿಗೆ ಹಾಕಿದ್ದು ಶಿವಮೊಗ್ಗದ ಚಿಕ್ಕಮ್ಮ ಅಂತ ಯಾರೂ ಹೇಳಬೇಕಿಲ್ಲ. ಸುದ್ದಿ ನಿಜ. ಆದರೆ ಹುಡುಗ ಏನೂ ಮುಚ್ಚಿಟ್ಟಿಲ್ಲ. ನಮ್ಮ ಹತ್ತಿರ ಮೊದಲ ಸಲ ಮಾತಾಡಿದಾಗಲೇ ಅವನೇ ಹೇಳಿದ್ದ.

ಇಲ್ಲಿ ಟೆಕ್ಸಾಸಿನಲ್ಲಿ ಇದು ಕದ್ದುಮುಚ್ಚಿ ಮಾಡುವ ಕೆಲಸ ಅಲ್ಲ. 1996ರಿಂದಲೇ ಲೈಸೆನ್ಸ್ ಇದ್ದವರು ಅಂಗಿಯೊಳಗೆ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. 2021ರ ಸೆಪ್ಟೆಂಬರಿನಿಂದ ಅದೂ ಬೇಡ. ವಯಸ್ಸಿಗೆ ಬಂದಿರಬೇಕು, ಕಾನೂನಿನ ಅಡ್ಡಿ ಇರಬಾರದು, ಅಷ್ಟೇ. ಆದರೂ ಈ ಹುಡುಗ ಲೈಸೆನ್ಸ್ ಮಾಡಿಸಿದ್ದಾನೆ. ಬೆರಳಚ್ಚು ಕೊಟ್ಟು, ಕ್ಲಾಸಿನಲ್ಲಿ ಕೂತು, 50 ಗುಂಡು ಹೊಡೆದು ತೋರಿಸಿ ಪಾಸಾಗಿದ್ದಾನೆ. ಚಿಕ್ಕಮ್ಮ ಇದನ್ನು ಹೇಳಿರಲ್ಲ ಬಿಡಿ.

ಅಮ್ಮ ಕೇಳುವ ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯಲ್ಲಿ ಅಂಥದ್ದೇನೂ ಇಲ್ಲ. ಇವರು ಇರುವುದು ಕೆಲಸಕ್ಕೆ ಅಂತ ಬಂದವರಿಗೆ ಕೊಡುವ ಎಚ್-1ಬಿ ವೀಸಾದಲ್ಲಿ. ಅಂಥವರು ಬಂದೂಕು ಇಟ್ಟುಕೊಳ್ಳುವುದಕ್ಕೆ ಇಲ್ಲಿನ ಕೇಂದ್ರದ ಕಾನೂನೇ ಸಾಮಾನ್ಯವಾಗಿ ಬಿಡಲ್ಲ. ಹುಡುಗ ಇಲ್ಲೇ ಹುಟ್ಟಿ ಬೆಳೆದವನು, ಅವನ ಮಾತು ಬೇರೆ.

ಪೊಲೀಸರು ಅಂದಕೂಡಲೇ ನೀವು ನಮ್ಮೂರಿನ ಲೆಕ್ಕದಲ್ಲಿ ಯೋಚಿಸುತ್ತೀರಿ. ಚುನಾವಣೆ ಬಂತು ಅಂದರೆ ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹೋಗಿ ಠಾಣೆಗೆ ಒಪ್ಪಿಸಬೇಕು. ರಸೀದಿ ಜೋಪಾನ ಮಾಡಬೇಕು. ಮಂಗ, ಹಂದಿ ತೋಟ ಹಾಳು ಮಾಡಿದರೂ ಫಲಿತಾಂಶ ಬರುವ ತನಕ ತಗಡು ಬಡಿಯುತ್ತಾ ಕೂರಬೇಕು. ಲೈಸೆನ್ಸ್ ಇದ್ದವನ ಮೇಲೇ ಅವರ ಕಣ್ಣು. ಇಲ್ಲಿ ಉಲ್ಟಾ. ಲೈಸೆನ್ಸ್ ಇದೆ ಅಂದರೆ ‘ಇವನ ಹಿಂದುಮುಂದು ಸರ್ಕಾರ ನೋಡಿದೆ, ಕೇಸುಗೀಸು ಇಲ್ಲ’ ಅಂತ ಪೊಲೀಸರಿಗೆ ಅರ್ಧ ಸಮಾಧಾನ.

ನಿಮ್ಮ ಪತ್ರ ಬಂದ ವಾರವೇ ಅವನ ಕಾರಿನಲ್ಲಿ ದೇವಸ್ಥಾನಕ್ಕೆ ಹೊರಟೆವು, ಹತ್ತಿರದಿಂದ ನೋಡೋಣ ಅಂತ. ದಾರಿಯಲ್ಲಿ ಪೊಲೀಸ್ ಕಾರು ಹಿಂದೆ ಬಿದ್ದು ಕೆಂಪು ನೀಲಿ ದೀಪ ಹಾಕಿತು. ಸ್ಪೀಡು ಸ್ವಲ್ಪ ಜಾಸ್ತಿ ಆಗಿತ್ತು. (ಅವನ ದೋಷ ಹುಡುಕುತ್ತಿದ್ದರೆ ಇದನ್ನು ಬರೆದುಕೊಳ್ಳಿ.) ಕಾರು ಪಕ್ಕಕ್ಕೆ ಹಾಕಿದ, ಗಾಜು ಇಳಿಸಿದ, ಎರಡೂ ಕೈ ಸ್ಟೀರಿಂಗ್ ಮೇಲೆ ಇಟ್ಟು ಕೂತ. ನಮ್ಮ ಕಡೆ ಪೊಲೀಸ್ ನಿಲ್ಲಿಸಿದರೆ ಇಳಿದು ಹೋಗಿ ಕೈಕಟ್ಟಿ ನಿಲ್ಲಬೇಕು, ಇಲ್ಲದಿದ್ದರೆ ಕೊಬ್ಬು ಅಂತಾರೆ. ಇಲ್ಲಿ ಇಳಿದರೇ ಕಷ್ಟ. ಇವರು ಹಿಂದಿನ ಸೀಟಿನಲ್ಲಿ ಪರ್ಸಿಗೆ ಅಂತ ಜೇಬಿಗೆ ಕೈ ಹಾಕಲು ಹೋದರು. ಹುಡುಗ ಕನ್ನಡಿಯಲ್ಲೇ ನೋಡಿ, “ಭಾವ, ಕೈ ಮೊಣಕಾಲ ಮೇಲೆ ಇರಲಿ” ಅಂದ. ಅವನ ಕನ್ನಡ ಅಷ್ಟೇನೂ ಚೆನ್ನಾಗಿಲ್ಲ, ಆದರೆ ಈ ವಾಕ್ಯ ಸ್ಪಷ್ಟವಾಗಿ ಬಂತು.

ಪೊಲೀಸಿನವನು ಕಿಟಕಿಗೆ ಬಂದ. ಹುಡುಗ ಕೈ ಅಲ್ಲಾಡಿಸದೆ ಹೇಳಿದ, “ಸರ್, ನನಗೆ ಲೈಸೆನ್ಸ್ ಇದೆ. ಪಿಸ್ತೂಲು ಬಲಗಡೆ ಸೊಂಟದಲ್ಲಿದೆ. ಪರ್ಸು ಎಡಗಡೆ ಜೇಬಿನಲ್ಲಿದೆ. ತೆಗೆಯಲಾ?” ಅವನು, “ನೀನು ನಿನ್ನದು ಮುಟ್ಟಬೇಡ, ನಾನೂ ನನ್ನದು ಮುಟ್ಟಲ್ಲ” ಅಂತ ನಕ್ಕ. ಗುರುತಿನ ಚೀಟಿ ಕೇಳಿದಾಗ ಡ್ರೈವಿಂಗ್ ಲೈಸೆನ್ಸಿನ ಜೊತೆಗೆ ಪಿಸ್ತೂಲಿನ ಲೈಸೆನ್ಸನ್ನೂ ತೋರಿಸಬೇಕು ಅಂತ ಕಾನೂನೇ ಇದೆ. ಬೇಕು ಅನ್ನಿಸಿದರೆ ಅವರು ಪಿಸ್ತೂಲನ್ನು ತೆಗೆದುಕೊಂಡು, ಮಾತು ಮುಗಿದ ಮೇಲೆ ವಾಪಸ್ ಕೊಡಬಹುದು. ಈ ಪೊಲೀಸಿನವನು ತೆಗೆದುಕೊಳ್ಳಲಿಲ್ಲ. ಎರಡೂ ಕಾರ್ಡು ನೋಡಿ, ನಿಧಾನ ಹೋಗು ಅಂತ ಹೇಳಿ ಬಿಟ್ಟ. ದಂಡವೂ ಇಲ್ಲ! ಇವರಿಗೆ ಹೋದ ವರ್ಷ ಬರೀ ಪರ್ಸು ಇಟ್ಟುಕೊಂಡು ಸಿಕ್ಕಿಬಿದ್ದಾಗ ದಂಡ ಬಿದ್ದಿತ್ತು. ಅದನ್ನು ಇನ್ನೂ ಹೇಳಿಕೊಂಡು ಉರಿಯುತ್ತಿದ್ದಾರೆ.

ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಇಲ್ಲಿ ಬಿಡಿ ಅನ್ನುವ ಬೋರ್ಡಿನ ಪಕ್ಕದಲ್ಲೇ ಪಿಸ್ತೂಲು ತರಬೇಡಿ ಅಂತ ಇಂಗ್ಲಿಷಿನಲ್ಲೂ ಸ್ಪ್ಯಾನಿಷಿನಲ್ಲೂ ಇಷ್ಟಿಷ್ಟು ದೊಡ್ಡ ಅಕ್ಷರದ ಬೋರ್ಡು. ಅಕ್ಷರ ಒಂದಿಂಚಾದರೂ ಇರಬೇಕಂತೆ. ಅವನು ಕಾರಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೈಕಾಲು ತೊಳೆದು ಬಂದ. ಅಮ್ಮನಿಗೆ ಇದನ್ನು ಜೋರಾಗಿ ಓದಿ ಹೇಳಿ.

ಪಕ್ಕದ ಮನೆಯಲ್ಲಿ ರಿಟೈರ್ ಆದ ಪೊಲೀಸಜ್ಜ ಇದ್ದಾರೆ. ಅವರ ಹತ್ತಿರವೂ ವಿಚಾರಿಸಿದೆ. “ರಾತ್ರಿ ಒಬ್ಬನೇ ಗಾಡಿ ನಿಲ್ಲಿಸುವಾಗ ಲೈಸೆನ್ಸ್ ತೋರಿಸುವವನ ಬಗ್ಗೆ ನನಗೆ ಯಾವತ್ತೂ ಹೆದರಿಕೆ ಆಗಿಲ್ಲ. ಕಳ್ಳರು ಯಾರೂ ಬೆರಳಚ್ಚು ಕೊಟ್ಟು ಬರಲ್ಲ” ಅಂದರು. ಇದು ಅವರೊಬ್ಬರ ಮಾತಲ್ಲ. 2013ರಲ್ಲಿ ಪೊಲೀಸರೇ ಓದುವ ‘ಪೊಲೀಸ್‌ಒನ್’ ಅನ್ನುವ ತಾಣ ಸುಮಾರು 15,000 ಪೊಲೀಸರನ್ನು ಕೇಳಿತ್ತು. ಶಿಕ್ಷೆಯಾಗದ, ಬುದ್ಧಿ ನೆಟ್ಟಗಿರುವ ಜನ ಹೀಗೆ ಇಟ್ಟುಕೊಳ್ಳಲಿ ಅಂದವರು ನೂರಕ್ಕೆ 91 ಜನ. ಇಷ್ಟಪಟ್ಟವರು ಉತ್ತರ ಕೊಟ್ಟ ಸರ್ವೆ ಅದು, ಅಷ್ಟಕ್ಕಷ್ಟೇ ಇಟ್ಟುಕೊಳ್ಳಿ. ದೊಡ್ಡ ಸಾಹೇಬರು ಬೇರೆ ರಾಗ ಹಾಡುತ್ತಾರೆ. 2021ರಲ್ಲಿ ಲೈಸೆನ್ಸೇ ಬೇಡ ಅನ್ನುವ ಮಸೂದೆ ಬಂದಾಗ ಡಲ್ಲಾಸಿನ ಆಗಿನ ಪೊಲೀಸ್ ಮುಖ್ಯಸ್ಥ ಎಡ್ಡಿ ಗಾರ್ಸಿಯಾ ಬೇಡ ಅಂತ ವಿರೋಧಿಸಿದ್ದರು. ಪಕ್ಕದ ಮನೆ ಪೊಲೀಸಜ್ಜನಿಗೂ ಆ ಕಾನೂನು ಇಷ್ಟ ಇಲ್ಲ. ತರಬೇತಿ ಇದ್ದವನು ಯಾರು, ಮೊನ್ನೆ ಅಂಗಡಿಯಲ್ಲಿ ಕೊಂಡು ತಂದವನು ಯಾರು ಅಂತ ರಸ್ತೆಯಲ್ಲಿ ನಿಂತವನಿಗೆ ಹೇಗೆ ಗೊತ್ತಾಗಬೇಕು ಅಂತ ಅವರ ಸಿಟ್ಟು.

ಮುಂದಿನದನ್ನು ಅಮ್ಮನಿಗೆ ಓದಬೇಡಿ. 2016ರ ಜುಲೈಯಲ್ಲಿ ಮಿನ್ನೆಸೋಟಾದಲ್ಲಿ ಫಿಲಾಂಡೊ ಕ್ಯಾಸ್ಟಿಲ್ ಅನ್ನುವವನ ಕಾರನ್ನು ಪೊಲೀಸ್ ನಿಲ್ಲಿಸಿದ. ಕರಿಯ ಹುಡುಗ, ಶಾಲೆಯೊಂದರ ಊಟದ ಮನೆಯಲ್ಲಿ ಕೆಲಸ. ಅವನಿಗೂ ಪರವಾನಗಿ ಇತ್ತು. ನನ್ನ ಹತ್ತಿರ ಬಂದೂಕಿದೆ ಅಂತ ಅವನೇ ಮರ್ಯಾದೆಯಿಂದ ಹೇಳಿದ. ಕೆಲವೇ ಸೆಕೆಂಡಿನಲ್ಲಿ ಗುಂಡು ಹೊಡೆದರು. ಪಕ್ಕದಲ್ಲಿ ಗೆಳತಿ, ಹಿಂದೆ ಅವಳ ಪುಟ್ಟ ಮಗಳು. ಮುಂದಿನ ವರ್ಷ ಜ್ಯೂರಿ ಆ ಪೊಲೀಸನನ್ನು ಬಿಟ್ಟುಬಿಟ್ಟಿತು. ಕ್ಯಾಸ್ಟಿಲ್ ಸತ್ತ ಮಾರನೇ ದಿನ ನಮ್ಮ ಡಲ್ಲಾಸಿನಲ್ಲೇ ಪ್ರತಿಭಟನೆ ಮೆರವಣಿಗೆ. ಒಬ್ಬ ಹಂತಕ ಐದು ಜನ ಪೊಲೀಸರನ್ನು ಕೊಂದ. ಮೆರವಣಿಗೆಯಲ್ಲಿ ಕಾನೂನು ಪ್ರಕಾರವೇ ರೈಫಲ್ಲು ಹೆಗಲಿಗೆ ಹಾಕಿಕೊಂಡವರೂ ಇದ್ದರು. ಅವರಲ್ಲೊಬ್ಬನ ಫೋಟೋ ಹಾಕಿ ಇವನೇ ಶಂಕಿತ ಅಂತ ಪೊಲೀಸರು ಊರಿಗೆಲ್ಲ ಸಾರಿದರು. ಪಾಪ, ಅವನದೇನೂ ತಪ್ಪಿರಲಿಲ್ಲ. ಗುಂಡು ಹಾರಲು ಶುರುವಾದ ಮೇಲೆ ಯಾರು ಒಳ್ಳೆಯವನು ಯಾರು ಕೆಟ್ಟವನು ಅಂತ ಹೇಗೆ ಹೇಳುವುದು ಅಂತ ಆಗಿನ ಮುಖ್ಯಸ್ಥ ಡೇವಿಡ್ ಬ್ರೌನ್ ಬೇಸರ ಮಾಡಿಕೊಂಡಿದ್ದರು.

ಹಾಗಂತ ಹೆದರಬೇಡಿ. ಏನೂ ಆಗಲ್ಲ. ಲಕ್ಷಾಂತರ ಜನ ದಿನಾ ಹೀಗೇ ಓಡಾಡುತ್ತಾರೆ. ನಾವೂ ದಿನಾ ಓಡಾಡುತ್ತೇವೆ, ಮಗುವೂ ಸ್ಕೂಲಿಗೆ ಹೋಗಿಬರುತ್ತದೆ. ನನಗೆ ಹುಡುಗನ ಸ್ವಭಾವದ ಬಗ್ಗೆ ಒಂದು ಚೂರೂ ಅನುಮಾನ ಇಲ್ಲ. ಚಿಂತೆ ಅವನ ಕಡೆಯದಲ್ಲ, ಕಿಟಕಿಗೆ ಬಂದು ನಿಲ್ಲುವವನ ಕಡೆಯದು. ಅವತ್ತು ಬಂದವನು ನಗುವವನು. ಎಲ್ಲರೂ ನಗುವುದಿಲ್ಲ, ನಮ್ಮ ಮೈಬಣ್ಣವೂ ಬೆಳ್ಳಗಿಲ್ಲ.

ಅದಕ್ಕೇ ಅವನನ್ನು ನೇರವಾಗಿ ಕೇಳಿದೆ. ಸುಮಾ ಕಾರಿನಲ್ಲಿ ಇರುವಾಗ ಅದು ಸೊಂಟದಲ್ಲಿರುವ ಬದಲು ಪೆಟ್ಟಿಗೆಯಲ್ಲಿದ್ದರೆ ಆಗಲ್ವಾ ಅಂತ. ಸುಮಾ ಜೊತೆಗಿರುವಾಗಲೇ ಅದು ಜಾಸ್ತಿ ಬೇಕು ಅಂತ ಅವನ ವಾದ. ಇಂಡಿಯಾನಾದ ಮಾಲಿನಲ್ಲಿ 2022ರಲ್ಲಿ 22 ವರ್ಷದ ಹುಡುಗನೊಬ್ಬ ತನ್ನ ಪಿಸ್ತೂಲಿನಿಂದ ಹಂತಕನನ್ನು ಹೊಡೆದು ಜನರನ್ನು ಉಳಿಸಿದ್ದು, ಪೊಲೀಸರೇ ಅವನನ್ನು ಹೊಗಳಿದ್ದು, ಎಲ್ಲ ಹೇಳಿದ. ಕೊನೆಗೆ “ಯೋಚಿಸ್ತೀನಿ ಅಕ್ಕ” ಅಂದ. ತಕ್ಷಣ ಹೂಂ ಅಂದಿದ್ದರೆ ನಾನು ನಂಬುತ್ತಿರಲಿಲ್ಲ.

ನನ್ನ ಮಾತು ಕೇಳುವುದಾದರೆ ಸಂಬಂಧ ಬಿಡಬೇಡಿ. ಆದರೆ ಸುಮಾ ಅವನ ಹತ್ತಿರ ತಾನೇ ಮಾತಾಡಿ ತೀರ್ಮಾನ ಮಾಡಲಿ. ನೀವು, ನಾನು, ಚಿಕ್ಕಮ್ಮ ಸೇರಿ ಮಾಡುವುದು ಬೇಡ. ನವರಾತ್ರಿ ಒಳಗೆ ಉತ್ತರ ಕೊಡುತ್ತೇವೆ ಅಂತ ಅವರ ಮನೆಗೆ ತಿಳಿಸಿಬಿಡಿ, ಸುಮ್ನೆ ಕಾಯಿಸಬೇಡಿ.

ಬಿಪಿ ಮಾತ್ರೆ ಬಿಡಬೇಡಿ. ಗಿರೀಶನ ಫೀಸಿಗೆ ಸೋಮವಾರ ಹಾಕುತ್ತೇನೆ. ಮಗುವಿನ ಬಸ್ ಬಂತು, ಇವರು ಬಾಗಿಲು ಬಡಿಯುತ್ತಿದ್ದಾರೆ, ಇಷ್ಟೇ.

ನಿಮ್ಮ
ವೀಣಾ