ಕೂಸೇ, ರಿಸಲ್ಟ್ ಪೂರ್ತಿ ಓದಿದೆ

ಪ್ರೀತಿಯ ಕೂಸಿಗೆ,

ನಿನ್ನ ಉದ್ದದ ಮೆಸೇಜು ಓದಿದೆ. ಫೋನಿನಲ್ಲಿ ಉತ್ತರ ಬರೆಯಲು ಹೋದರೆ ನಾನು ಎರಡು ಸಾಲಿಗೇ ನಿಲ್ಲಿಸಿಬಿಡುತ್ತೇನೆ, ನಿನಗೆ ಸಿಟ್ಟು ಬರುತ್ತದೆ. ಅದಕ್ಕೇ ಈ ಕಾಗದ. ಒಂದು ವರ್ಷ ಕಾಲೇಜು ಬಿಟ್ಟು ಡೋಟಾ ಎನ್ನುವ ಕಂಪ್ಯೂಟರ್ ಗೇಮ್ ಆಡುತ್ತೇನೆ, ಒಂದು ತಂಡದವರು ಕರೆದಿದ್ದಾರೆ, ತಿಂಗಳಿಗೆ ಇಷ್ಟು ಕೊಡುತ್ತಾರಂತೆ, ಅಪ್ಪನಿಗೆ ನೀನೇ ಹೇಳಮ್ಮಾ. ಇಷ್ಟೇ ತಾನೇ ವಿಷಯ?

ಅಪ್ಪನಿಗೆ ಹೇಳಿದೆ. ಅವರು ಮಳೆ ಬಿಟ್ಟ ಹೊತ್ತು ನೋಡಿ ತೋಟಕ್ಕೆ ಮದ್ದು ಹೊಡೆಸುವ ಗಡಿಬಿಡಿಯಲ್ಲಿದ್ದರು. "ನೀನೇ ಲೆಕ್ಕ ನೋಡಿ ಹೇಳು" ಎಂದು ನನ್ನ ತಲೆಗೇ ಕಟ್ಟಿದರು. ನಾನು ಸಹಕಾರಿ ಬ್ಯಾಂಕಿನಲ್ಲಿ ಕೂತವಳಲ್ಲವಾ, ಲೆಕ್ಕವೆಂದರೆ ನನ್ನದೇ. ಬದಿಯಡ್ಕದ ದೊಡ್ಡಪ್ಪ ಮಾತ್ರ ಗೇಮಿಂಗ್ ಕಾನೂನಿನ ಸುದ್ದಿ ಪೇಪರಿನಲ್ಲಿ ಓದಿ, ನಿನ್ನನ್ನು ಪೊಲೀಸರು ಹಿಡಿಯುತ್ತಾರೆ ಎಂದು ನಿಶ್ಚಯ ಮಾಡಿಕೊಂಡಿದ್ದರು. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ನಿಷೇಧಿಸಿದ್ದು ಹಣ ಕಟ್ಟಿ ಆಡುವ ಆಟಗಳನ್ನು, ಇಸ್ಪೋರ್ಟ್ಸ್ ಅನ್ನು, ಅಂದರೆ ನಿನ್ನ ಡೋಟಾದಂಥ ಗೇಮುಗಳ ಸ್ಪರ್ಧೆಯನ್ನು, ಅದೇ ಕಾನೂನು ಬೇರೆಯೇ ಎಂದು ಗುರುತಿಸಿದೆ ಎಂದು ಅವರಿಗೆ ವಿವರಿಸಿ ಹೇಳುವಷ್ಟರಲ್ಲಿ ನನ್ನ ಚಾ ಆರಿಹೋಯಿತು. ಒಪ್ಪಿದ ಹಾಗೆ ಕಾಣಲಿಲ್ಲ. ಇರಲಿ ಬಿಡು, ಅವರಿಗೆ ಕೇರಂ ಕೂಡ ಜೂಜೇ.

ನೀನು ಕಳಿಸಿದ ಲಿಂಕಿನಲ್ಲಿ ಇದ್ದದ್ದು ಡೋಟಾದ ದೊಡ್ಡ ಪಂದ್ಯಾವಳಿ, 2025ರ 'ದಿ ಇಂಟರ್‌ನ್ಯಾಷನಲ್' ಫೈನಲಿನ ರಿಸಲ್ಟ್. ಸೆಪ್ಟೆಂಬರ್ 14, ಜರ್ಮನಿಯ ಹ್ಯಾಂಬರ್ಗ್, ಟೀಮ್ ಫಾಲ್ಕನ್ಸ್ 3, ಎಕ್ಸ್‌ಟ್ರೀಮ್ ಗೇಮಿಂಗ್ 2. ಅದರ ಕೆಳಗೆ ನೀನು ಹಾಕಿದ ಹೃದಯದ ಗುರುತುಗಳನ್ನೂ ನೋಡಿದೆ. ಆಮೇಲೆ ನಾನು ಅಷ್ಟಕ್ಕೇ ನಿಲ್ಲಿಸಲಿಲ್ಲ, ಹಿಂದಿನ ವರ್ಷಗಳದ್ದನ್ನೂ ಹುಡುಕಿ ಓದಿದೆ. ಕಚೇರಿಯಲ್ಲಿ ಮಲಯಾಳದ ಸುತ್ತೋಲೆ ಓದಿ ಓದಿ ಪಳಗಿದವಳಿಗೆ ಡೋಟಾದ ಭಾಷೆ ಏನು ಮಹಾ! ಅಪ್ಪರ್ ಬ್ರಾಕೆಟ್, ಲೋವರ್ ಬ್ರಾಕೆಟ್ ಎಲ್ಲ ಗೊತ್ತಾಯಿತು. ಒಂದು ಸಲ ಸೋತರೆ ಕೆಳಗಿನ ಸಾಲಿಗೆ ಇಳಿಯಬೇಕು, ಅಲ್ಲಿಯೂ ಸೋತರೆ ಮನೆಗೆ. 2021ರಲ್ಲಿ ಟೀಮ್ ಸ್ಪಿರಿಟ್ ಆ ಕೆಳಗಿನ ಸಾಲಿನಿಂದಲೇ ಒಬ್ಬೊಬ್ಬರನ್ನಾಗಿ ದಾಟಿಕೊಂಡು ಬಂದು ಕಪ್ ಎತ್ತಿತಂತೆ. ಅದು ನನಗೂ ಇಷ್ಟವಾಯಿತು.

ಫಾಲ್ಕನ್ಸಿನ ಐವರು ಐದು ದೇಶದವರು. ಸ್ಲೊವಾಕಿಯಾ, ರಷ್ಯಾ, ಜೋರ್ಡನ್, ಡೆನ್ಮಾರ್ಕ್, ಅಮೆರಿಕ. ತಂಡ ಸೌದಿಯದ್ದು. ಊಟ, ಭಾಷೆ, ದೇವರು ಎಲ್ಲ ಬೇರೆ ಇರುವವರು ಒಂದೇ ಕಿವಿಗೆ ಮಾತಾಡುತ್ತಾ ಆಡುವುದು ಸಣ್ಣ ವಿಷಯವಲ್ಲ. ಅದರಲ್ಲಿ ಸ್ನೇಕಿಂಗ್ ಎನ್ನುವವನು ನೀನು ಆಡುವ ಜಾಗದಲ್ಲೇ, ಐದನೇ ಪೊಸಿಶನ್ನಿನಲ್ಲಿ ಆಡುತ್ತಾನೆ ಅಲ್ವಾ? ಎದುರಾಳಿಗಳು ಎಲ್ಲಿದ್ದಾರೆ ಎಂದು ಕಾಣಲು ವಾರ್ಡ್ ಎಂಬ ಕಾವಲುಗಣ್ಣು ಹಾಕುವುದು, ಬೇರೆಯವರನ್ನು ಕಾಯುವುದು, ತನಗೆ ಎಲ್ಲರಿಗಿಂತ ಕಡಿಮೆ ಗೋಲ್ಡ್, ಅಂದರೆ ಆಟದೊಳಗಿನ ದುಡ್ಡು. ಅವನು 2022ರಲ್ಲಿ ಸಿಂಗಾಪುರದಲ್ಲಿ ಟುಂಡ್ರಾ ತಂಡದಲ್ಲಿ ಗೆದ್ದಿದ್ದ, ಈಗ ಇಲ್ಲಿಯೂ ಗೆದ್ದ. ಎರಡು ಕಪ್! ಹಾಗಾಗಿ "ಸಪೋರ್ಟ್ ಆಡುವವರನ್ನು ಯಾರೂ ನೋಡುವುದಿಲ್ಲ" ಎಂದು ನೀನು ಗೊಣಗುವುದನ್ನು ಇನ್ನು ಮೇಲೆ ನಾನು ಕೇಳುವುದಿಲ್ಲ.

ಈಗ ನಿನಗೆ ಬೇಜಾರಾಗುವ ಕಡೆಗೆ ಬರುತ್ತೇನೆ. ಎಕ್ಸ್‌ಟ್ರೀಮ್ ಗೇಮಿಂಗಿನ ಆಮೆ ಎನ್ನುವ ಚೀನಾದ ಹುಡುಗನ ಹೆಸರನ್ನು ನೀನು ನಿನ್ನ ಮೆಸೇಜಿನಲ್ಲಿ ಬರೆಯಲೇ ಇಲ್ಲ. (ನಮ್ಮ ಆಮೆಯಲ್ಲ, ಅವನ ಆಟದ ಹೆಸರು ಅದು.) 2018ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಅವನ ತಂಡ ಫೈನಲಿಗೆ ಬಂತು, ಓಜಿ ಎಂಬ ತಂಡದ ಎದುರು 2-3ರಲ್ಲಿ ಸೋತಿತು. 2021ರಲ್ಲಿ ರೊಮೇನಿಯಾದ ಬುಕಾರೆಸ್ಟಿನಲ್ಲಿ ಮತ್ತೆ ಫೈನಲು, ಟೀಮ್ ಸ್ಪಿರಿಟ್ ಎದುರು ಮತ್ತೆ 2-3. ಈಗ ಹ್ಯಾಂಬರ್ಗಿನಲ್ಲಿ ತಂಡ ಬೇರೆ, ಅಂಕ ಅದೇ. ಮೂರು ಫೈನಲು, ಮೂರರಲ್ಲೂ ಐದನೇ ಆಟದವರೆಗೆ ಹೋಗಿ ಸೋಲು. ಎಲ್ಲೋ ಒಂದು ಹೀರೋವನ್ನು, ಅಂದರೆ ಆಟದ ಪಾತ್ರವನ್ನು, ಎದುರಾಳಿಗೆ ಸಿಗದ ಹಾಗೆ ಬ್ಯಾನ್ ಮಾಡದೆ ಬಿಟ್ಟದ್ದು, ಎಲ್ಲೋ ಒಂದು ಜಗಳದಲ್ಲಿ ಅರೆಗಳಿಗೆ ತಡವಾದದ್ದು, ಅಷ್ಟರಲ್ಲಿ ಮುಗಿದುಹೋಗುತ್ತದೆ. 2021ರ ಐದನೇ ಆಟದಲ್ಲಿ ಮ್ಯಾಗ್ನಸ್ ಎಂಬ ಹೀರೋವನ್ನು ಎದುರಾಳಿಗೆ ಬಿಟ್ಟುಕೊಟ್ಟದ್ದರ ಬಗ್ಗೆ ಜನ ಈಗಲೂ ಮಾತಾಡುತ್ತಾರೆ. ನೀನೇ ಒಂದು ರಜೆಯಲ್ಲಿ ಅಡಿಗೆಮನೆಯಲ್ಲಿ ನಿಂತು ನನಗೆ ಅದನ್ನು ಹೇಳಿದ್ದೆ, ನಾನು ಹೂಂಗುಟ್ಟುತ್ತಾ ತೆಂಗಿನಕಾಯಿ ತುರಿಯುತ್ತಿದ್ದೆ.

ಆಮೆ ಪ್ರಪಂಚದ ಒಳ್ಳೊಳ್ಳೆಯ ಕ್ಯಾರಿಗಳಲ್ಲಿ, ಅಂದರೆ ತಂಡವನ್ನು ಗೆಲ್ಲಿಸುವ ಭಾರ ಹೊರುವವರಲ್ಲಿ, ಒಬ್ಬ. ಅವನಿಗೇ ಹೀಗಾದರೆ ಹೇಗೆ ಎಂದು ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ. ಅವನು ಸೋತರೂ ಬಡವನೇನೂ ಆಗಲಿಲ್ಲ. ನಾನು ನೋಡಿದ್ದು ಬೇರೆ. 2021ರಲ್ಲಿ ಒಟ್ಟು ಬಹುಮಾನ 4 ಕೋಟಿ ಡಾಲರ್. ಗೆದ್ದ ತಂಡಕ್ಕೆ 1.82 ಕೋಟಿ ಡಾಲರ್, ಆಗಿನ ಲೆಕ್ಕದಲ್ಲಿ 130 ಕೋಟಿ ರೂಪಾಯಿಗೂ ಮೇಲೆ. ಎರಡನೆಯವರಿಗೆ 52 ಲಕ್ಷ ಡಾಲರ್. ಒಂದೇ ಒಂದು ಆಟದ ವ್ಯತ್ಯಾಸಕ್ಕೆ ಇಷ್ಟು. ಕೆಳಗಿನವರಿಗೆ ಹೋಗುತ್ತಾ ಹೋಗುತ್ತಾ ಇನ್ನೂ ತೆಳ್ಳಗೆ. ಮತ್ತೆ ಆ ಪಟ್ಟಿಯಲ್ಲಿ ಇರುವವರು ಅಲ್ಲಿಯವರೆಗೆ ತಲುಪಿದವರು ಮಾತ್ರ. ಕ್ವಾಲಿಫೈಯರಿನಲ್ಲೇ ಸೋತು ಹೋದವರಿಗೆ ಪಟ್ಟಿಯೇ ಇಲ್ಲ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಅದೇ ಪಂದ್ಯದ ಬಹುಮಾನ 2022ರಲ್ಲಿ 1.9 ಕೋಟಿ ಡಾಲರಿನ ಹತ್ತಿರಕ್ಕೆ ಇಳಿಯಿತು. 2023ರಲ್ಲಿ 30 ಲಕ್ಷ ಚಿಲ್ಲರೆ. ಆಮೇಲೆ ಅಷ್ಟೂ ಇಲ್ಲ. ಆಡುವವರು ಕೆಟ್ಟರಾ? ಇಲ್ಲ. ನೋಡುವವರು ಇಲ್ಲವಾದರಾ? ಅದೂ ಅಲ್ಲ. 2013ರಿಂದ ಡೋಟಾ ಮಾಡಿದ ವಾಲ್ವ್ ಕಂಪನಿ ಆಟದೊಳಗಿನ ಸಾಮಾನು ಸಿಗುವ ಒಂದು ಪಾಸನ್ನು ಮೊದಲು ಕಾಂಪೆಂಡಿಯಮ್ ಎಂದು, ಆಮೇಲೆ ಬ್ಯಾಟಲ್ ಪಾಸ್ ಎಂದು ಮಾರುತ್ತಿತ್ತು. ನಿನ್ನಂಥವರು ಕೊಟ್ಟ ದುಡ್ಡಿನಲ್ಲಿ ಕಾಲು ಭಾಗ ಬಹುಮಾನಕ್ಕೆ ಹೋಗುತ್ತಿತ್ತು. 2023ರಲ್ಲಿ ಹೀರೋಗಳ ಬಟ್ಟೆಬರೆ, ಅಲಂಕಾರವನ್ನೆಲ್ಲ ಅದರಿಂದ ತೆಗೆದು ಬೇರೆಯಾಗಿ ಮಾರುತ್ತೇವೆ ಎಂದರು. ಬಹುಮಾನದ ಡಬ್ಬಿ ಬರಿದಾಯಿತು. ಇಷ್ಟೇ ಕಾರಣ. ಯಾವ ಆಟಗಾರನನ್ನೂ ಕೇಳಬೇಕಾಗಲಿಲ್ಲ.

ನಮ್ಮ ಅಡಿಕೆಗೂ ರೇಟು ಏರುತ್ತದೆ, ಬೀಳುತ್ತದೆ. ಅದು ನಿನಗೆ ಗೊತ್ತು, ರೇಟು ಬಿದ್ದ ವರ್ಷ ನಿನಗೆ ಹೊಸ ಲ್ಯಾಪ್‌ಟಾಪು ಸಿಗಲಿಲ್ಲ. ಆದರೆ ಮರ ನಮ್ಮದು. ಒಣಗಿಸಿ ಚಾಲಿ ಮಾಡಿ ಅಟ್ಟದಲ್ಲಿ ಇಟ್ಟು ಕಾಯಬಹುದು. ಡೋಟಾ ನಿನ್ನದಲ್ಲ ಕೂಸೇ, ಒಂದು ಕಂಪನಿಯದ್ದು. ಕಬಡ್ಡಿಗೆ ಯಜಮಾನ ಇಲ್ಲ, ಉಪ್ಪಳದ ಗದ್ದೆಯಲ್ಲೂ ಆಡಬಹುದು. ಈ ಆಟದ ನಿಯಮ ಬದಲಿಸುವವರು, ನಿನ್ನ ಹೀರೋವಿನ ಬಲ ಕಡಿಮೆ ಮಾಡುವವರು, ಬೇಕಾದರೆ ಪಂದ್ಯವನ್ನೇ ನಿಲ್ಲಿಸುವವರು ಎಲ್ಲರೂ ಅಮೆರಿಕದಲ್ಲಿ ಒಂದೇ ಕಟ್ಟಡದಲ್ಲಿ ಕೂತಿದ್ದಾರೆ. ಅಂಥ ಕಡೆ ಪೂರ್ತಿ ಠೇವಣಿ ಇಡುತ್ತೇನೆ ಎಂದು ಯಾರಾದರೂ ಬ್ಯಾಂಕಿಗೆ ಬಂದರೆ ನಾನು ಏನು ಹೇಳುತ್ತಿದ್ದೆ ಎಂದು ನಿನಗೆ ಗೊತ್ತು.

ಸರಕಾರಗಳೂ ಹಾಗೆಯೇ. 2021ರ ಆ ಪಂದ್ಯ ಮೊದಲು ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಎಂದಿತ್ತು. ಅಲ್ಲಿನ ಕ್ರೀಡಾ ಒಕ್ಕೂಟ ಇಸ್ಪೋರ್ಟ್ಸನ್ನು ಕ್ರೀಡೆ ಎಂದು ಒಪ್ಪಲಿಲ್ಲ. ಹಾಗಾಗಿ ಆಟಗಾರರಿಗೆ ವೀಸಾ ಕಷ್ಟವಾಗುತ್ತದೆ ಎಂದು ಬುಕಾರೆಸ್ಟಿಗೆ ಓಡಿದರು. ಕೊನೆಗೆ ಕೊರೋನಾ ಬಂದು ಖಾಲಿ ಹಾಲ್‌ನಲ್ಲಿ ಆಡಿದರು. ನಮ್ಮಲ್ಲಿ 2022ರ ಡಿಸೆಂಬರಿನಿಂದ ಇದು ಕ್ರೀಡಾ ಇಲಾಖೆಯ ಕೆಳಗೆ ಇದೆ. ಅದೇ ವರ್ಷ ಬರ್ಮಿಂಗ್‌ಹ್ಯಾಮಿನ ಕಾಮನ್‌ವೆಲ್ತ್ ಇಸ್ಪೋರ್ಟ್ಸಿನಲ್ಲಿ ನಮ್ಮ ಡೋಟಾ ತಂಡ ಕಂಚು ಗೆದ್ದಿತು. ಅಪ್ಪನಿಗೆ ಇದನ್ನು ಹೇಳಿದಾಗ "ಹೌದಾ?" ಎಂದು ಸ್ಪ್ರೇಯರಿನ ನಳಿಕೆ ಕೆಳಗಿಟ್ಟು ಕೇಳಿದರು. ಅಷ್ಟು ಗಮನ ಅವರು ನನ್ನ ಮಾತಿಗೆ ಯಾವತ್ತೂ ಕೊಟ್ಟದ್ದಿಲ್ಲ.

ಇನ್ನೊಂದು. ಹ್ಯಾಂಬರ್ಗಿಗೆ ಬಂದದ್ದು 16 ತಂಡ, 80 ಆಟಗಾರರು. ಅದರಲ್ಲಿ ಒಬ್ಬಳೂ ಹುಡುಗಿ ಇಲ್ಲ. ಹುಡುಗಿಯರು ಬರಬಾರದು ಎಂಬ ನಿಯಮವೇನೂ ಇಲ್ಲ. ಹಾಗಾದರೆ ಎಲ್ಲಿ ನಿಂತರು ಅವರು? ನೀನು ಆನ್‌ಲೈನಿನಲ್ಲಿ ಮೈಕ್ ಆಫ್ ಮಾಡಿ ಆಡುವುದನ್ನು ನಾನು ನೋಡಿದ್ದೇನೆ. ದನಿ ಕೇಳಿದರೆ ಏನೇನೋ ಅನ್ನುತ್ತಾರೆ ಎಂದಿದ್ದೆ. ಐವರು ಮಾತಾಡಿಕೊಂಡೇ ಗೆಲ್ಲಬೇಕಾದ ಆಟದಲ್ಲಿ ಒಬ್ಬಳು ಬಾಯಿ ಮುಚ್ಚಿ ಆಡುವುದು ಎಂದರೆ ಏನು! ಇದರ ಮೇಲೆ ನನಗೆ ಬರುವ ಸಿಟ್ಟು ನಿನ್ನ ಮೇಲಲ್ಲ. ಕೌಂಟರ್ ಸ್ಟ್ರೈಕ್ ಎಂಬ ಇನ್ನೊಂದು ಗೇಮಿನಲ್ಲಿ ಹುಡುಗಿಯರಿಗೆಂದೇ 2022ರಲ್ಲಿ ಶುರುವಾದ ಇಂಪ್ಯಾಕ್ಟ್ ಲೀಗನ್ನೂ 2025ರ ಕೊನೆಗೆ ನಿಲ್ಲಿಸಿದರಂತೆ, ಖರ್ಚು ಹುಟ್ಟುವುದಿಲ್ಲವಂತೆ. ನಿನ್ನನ್ನು ಕರೆದವರು ಹುಡುಗಿಯರ ತಂಡ ಕಟ್ಟುತ್ತಿದ್ದಾರಾ, ಹುಡುಗರ ಜೊತೆಗಾ? ನೀನು ಅದನ್ನು ಬರೆದಿಲ್ಲ.

ಹಾಗಾಗಿ ನನ್ನ ಉತ್ತರ ಹೀಗೆ. ಸೀಟು ಬಿಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಅಳಬೇಡ, ಪೂರ್ತಿ ಓದು. ಆಡುವುದಕ್ಕೆ ಒಪ್ಪಿಗೆ ಉಂಟು. ಹಾಜರಿ 75 ಪರ್ಸೆಂಟಿಗಿಂತ ಕೆಳಗೆ ಇಳಿಯಬಾರದು, ಉಳಿದ ಹೊತ್ತು ನಿನ್ನದು. ಹಾಸ್ಟೆಲಿನ ವೈಫೈ ಸಾಲದಿದ್ದರೆ ಬೇರೆ ರೂಮು ನೋಡು, ಬಾಡಿಗೆಯ ಹೆಚ್ಚಿನ ದುಡ್ಡು ನಾನು ಕೊಡುತ್ತೇನೆ. ಅಪ್ಪನಿಗೆ ಆ ವಿಷಯ ಸದ್ಯಕ್ಕೆ ಬೇಡ. ದೂರದ ಊರಿನಲ್ಲಿ ಪಂದ್ಯ ಇದ್ದರೆ ಹೋಗು, ಪರೀಕ್ಷೆಯ ವಾರ ಒಂದು ಬಿಟ್ಟು. ಆ ಮೇಲೆ ಎರಡು ಸೆಮಿಸ್ಟರ್ ಹೀಗೆ ಆಡಿ, ಕ್ವಾಲಿಫೈಯರಿನಲ್ಲಿ ಎಲ್ಲಿಯವರೆಗೆ ಹೋದಿರಿ ಎಂಬ ಕಾಗದ ನನ್ನ ಮುಂದಿಟ್ಟರೆ, ವರ್ಷ ಬಿಡುವ ಮಾತನ್ನು ಮತ್ತೆ ತೆಗೆಯಬಹುದು. ಆಗಲೂ ಇಲ್ಲ ಎಂದೇ ಹೇಳುತ್ತೇನೆ ಎಂದು ನಿನಗೆ ಅನ್ನಿಸಬಹುದು. ನೋಡುವಾ.

ಆ ತಂಡದವರು ಸಂಬಳದ ಮಾತನ್ನು ಬಾಯಲ್ಲಿ ಹೇಳಿದರಾ, ಕಾಗದ ಕೊಟ್ಟಿದ್ದಾರಾ? ಕಾಗದ ಇದ್ದರೆ ಸಹಿ ಹಾಕುವ ಮೊದಲು ಅದರ ಫೋಟೋ ನನಗೆ ಕಳಿಸು, ಎಲ್ಲ ಪುಟದ್ದೂ. ಬಹುಮಾನ ಬಂದರೆ ತಂಡಕ್ಕೆಷ್ಟು ನಿಮಗೆಷ್ಟು, ಪ್ರಯಾಣದ ಖರ್ಚು ಯಾರದ್ದು, ನೀನು ಬಿಟ್ಟು ಹೋಗುತ್ತೇನೆ ಎಂದರೆ ಎಷ್ಟು ತಿಂಗಳ ಮೊದಲು ಹೇಳಬೇಕು, ಅವರು ತೆಗೆದುಹಾಕಿದರೆ ಬಾಕಿ ಸಂಬಳ ಕೊಡುತ್ತಾರಾ, ಇಷ್ಟು ಅದರಲ್ಲಿ ಇರಲೇಬೇಕು. ಇಲ್ಲದಿದ್ದರೆ ಬರೆಸು. ಬರೆಯುವುದಿಲ್ಲ ಎಂದರೆ ಅವರ ಮ್ಯಾನೇಜರಿನ ನಂಬರ್ ಕೊಡು, ಶನಿವಾರ ಮಧ್ಯಾಹ್ನದ ಮೇಲೆ ನಾನೇ ಮಾತಾಡುತ್ತೇನೆ. ಮಲಯಾಳವಾದರೆ ಮಲಯಾಳ, ಹಿಂದಿಯಾದರೆ ನಿನ್ನ ಮಾವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ.

ನಿನ್ನ
ಅಮ್ಮ